ಎಡಗಡೆಯ ಮೈಕು

ಮನೆ, ಹಿಂದಿನ ಕೋಣೆಯಿಂದ
ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕ,

ನಿನ್ನ ಮಂಡಿ ಈಗ ಹೇಗಿದೆ? ಹೋದ ಸಲ ಮಾತಾಡಿದಾಗ ಮೆಟ್ಟಿಲು ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಮಾತ್ರ ಜೀವ ಹೋಗುತ್ತದೆ ಅಂದಿದ್ದೆ. ನಿನ್ನ ಮೇಜನ್ನು ಕೆಳಗಿನ ಮಹಡಿಗೆ ಹಾಕಿಕೊಡಿ ಅಂತ ಶಾಲೆಯವರಿಗೆ ಅರ್ಜಿ ಕೊಟ್ಟೆಯೋ ಇಲ್ಲವೋ? ಊರಿನವರಿಗೆಲ್ಲ ಅರ್ಜಿ ಬರೆದುಕೊಡುವವಳು ನೀನು, ನಿನ್ನದೊಂದು ಬರೆಯಲು ಮಾತ್ರ ಕೈ ಬರುವುದಿಲ್ಲ. ಭಾವನ ಗೊರಕೆಗೆ ಕೊಟ್ಟ ಮೂಗಿನ ಪಟ್ಟಿ ಕೆಲಸ ಮಾಡುತ್ತಿದೆಯಾ? ನಿನ್ನ ಮಗಳು ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕೆ ಸೇರಿದ ಮೇಲೆ ಯಾರು ನಕ್ಕರೂ ಬಾಯೊಳಗೆ ಇಣುಕುತ್ತಾಳೆ ಅಂದೆಯಲ್ಲ, ಅದನ್ನು ನನ್ನ ಹೆಂಡತಿಗೆ ಹೇಳಿದೆ. ಆವತ್ತಿನಿಂದ ಇವಳು ನಿನ್ನ ಮಗಳ ಫೋಟೋ ನೋಡಿದರೂ ಬಾಯಿ ಮುಚ್ಚಿಕೊಂಡೇ ನಗುತ್ತಾಳೆ. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನನ್ನ ಬಿ.ಪಿ. ಗುಳಿಗೆ ಅರ್ಧ ಇದ್ದದ್ದು ಪೂರ್ತಿ ಒಂದಾಗಿದೆ, ಅಷ್ಟೇ.

ಫೋನ್ ಇರುವಾಗ ಇವನು ಯಾಕೆ ಕಾಗದ ಬರೆಯುತ್ತಿದ್ದಾನೆ ಅಂತ ನಿನಗೆ ಅನ್ನಿಸಿರಬೇಕು. ಈ ವಿಷಯ ಹೇಳಬೇಕು ಅಂತ ಹದಿನೈದು ದಿನದಲ್ಲಿ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿನ್ನ ಮಂಡಿ, ನನ್ನ ಗುಳಿಗೆ, ಎರಡೂ ಊರಿನ ಸೆಕೆ, ಇಷ್ಟು ಮಾತಾಡಿ ಇಟ್ಟುಬಿಟ್ಟೆ. ನಿನ್ನ ದನಿ ಕೇಳಿದ ಕೂಡಲೇ ನನ್ನ ನಾಲಿಗೆ ಬಾಯೊಳಗೇ ಬಚ್ಚಿಟ್ಟುಕೊಳ್ಳುತ್ತದೆ. ಕಾಗದಕ್ಕೆ ದನಿ ಇಲ್ಲ, ಅದಕ್ಕೇ ಇದು.

ನಿನಗೆ ಆ ಎರಡು ಸಣ್ಣ ಮೈಕು ನೆನಪಿರುತ್ತವೆ. ಯಾಕೆ ಇರುವುದಿಲ್ಲ, ತಂದುಕೊಟ್ಟವಳೇ ನೀನು. ನೀನು ಪಿಟೀಲು ನುಡಿಸುತ್ತಿದ್ದ ನಾಟಕಮಂದಿರ ಮುಚ್ಚಿದಾಗ, ಸಾಮಾನುಗಳನ್ನೆಲ್ಲ ಅವರಿವರು ಹಂಚಿಕೊಳ್ಳುತ್ತಿದ್ದಾಗ, ಮ್ಯಾನೇಜರ ಎದುರು ನಿಂತು ನಿನಗಾಗಿ ಏನೂ ಕೇಳದೆ ಆ ಜೋಡಿ ಮೈಕು ನನ್ನ ತಮ್ಮನಿಗೆ ಕೊಡಿ ಅಂದವಳು. ಕೈಬೆರಳಿನ ಉದ್ದದ ಎರಡು ಕೊಳವೆ, ತುದಿಯಲ್ಲಿ ಜಾಲರಿ, ಜಾಲರಿಯ ಹಿಂದೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ತೆಳ್ಳನೆಯ ಪೊರೆ. ಆ ಪೊರೆ ಗಾಳಿಯ ಜೊತೆ ಅಲುಗಿದರೇ ನಮಗೆ ಸದ್ದು. ನಾವಿಬ್ಬರೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಮಾಡಿದ ಮೈಕುಗಳು ಅವು. ಮಾಡಿದ ಕಾರ್ಖಾನೆಯೇ ಈಗಿಲ್ಲ. ನಿನ್ನ ಕೆಂಪು ಶಾಲಿನಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದೆ. "ಮಗು ಥರ ನೋಡ್ಕೋ" ಅಂತ ಕೊಟ್ಟಿದ್ದೆ. ಇಪ್ಪತ್ತೊಂದು ವರ್ಷ ನನ್ನ ಅನ್ನ ಅವುಗಳಿಂದಲೇ ಹುಟ್ಟಿದೆ. ಮದುವೆ ಹಾಡು, ಶಾಲೆಯ ಪ್ರಾರ್ಥನೆ, ಔಷಧಿಯ ಜಾಹೀರಾತು, ಏನೇ ರೆಕಾರ್ಡಿಂಗ್ ಬಂದರೂ ಅವನ್ನೇ ನಿಲ್ಲಿಸುತ್ತಿದ್ದೆ. ಬಲಗಡೆಯದು ನೀರಿನ ಹಾಗೆ ತಿಳಿ. ಎಡಗಡೆಯದು ಸ್ವಲ್ಪ ಮುಂಗೋಪಿ, ಅದನ್ನು ಸ್ವಲ್ಪ ಸಮಾಧಾನ ಮಾಡಿಕೊಂಡು ಕೆಲಸ ತೆಗೆಯಬೇಕು ಅಂತ ನಾನೇ ಎಲ್ಲರಿಗೂ ತಮಾಷೆಯಾಗಿ ಹೇಳುತ್ತಿದ್ದೆ.

ಹೋದ ತಿಂಗಳು ಆ ಎಡಗಡೆಯದು ಒಮ್ಮೊಮ್ಮೆ ಚಟಚಟ ಅನ್ನಲು ಶುರುಮಾಡಿತು. ಬಾಣಲೆಯಲ್ಲಿ ಏನೋ ಹುರಿಯುತ್ತಿರುವ ಸದ್ದು. ಒಂದು ಗುಂಪುಗಾಯನದ ಕೆಲಸ ಹತ್ತಿರ ಬಂದಿತ್ತು. ಅದೇ ಮಾದರಿಯ ಹಳೇ ಮೈಕು ಇನ್ನೊಂದು ಸಿಕ್ಕರೆ ಜೋಡಿ ಸರಿಹೋಗುತ್ತದೆ ಅಂತ ಹುಡುಕಿದೆ. ನಮ್ಮ ಕಸುಬಿನವರೆಲ್ಲ ಕೈತೋರಿಸಿದ್ದು ಒಬ್ಬರ ಕಡೆಗೇ. ರೇಡಿಯೋದಲ್ಲಿ ಮೂವತ್ತೆಂಟು ವರ್ಷ ಮೈಕು ರಿಪೇರಿ ಮಾಡಿ ನಿವೃತ್ತರಾದ ಮುದುಕಿ, ಎಪ್ಪತ್ತನಾಲ್ಕು ವಯಸ್ಸು. ಎಲ್ಲರೂ ರಿಪೇರಿಯಮ್ಮ ಅಂತಲೇ ಕರೆಯುವುದು. ಅವರ ಹತ್ತಿರ ಅಂಥ ನಾಲ್ಕು ಮೈಕು ಇದ್ದವು, ಕಣ್ಣು ಮಂಜಾಗುತ್ತಿರುವುದರಿಂದ ಒಂದೊಂದನ್ನೇ ತಕ್ಕವರ ಕೈಗೆ ದಾಟಿಸುತ್ತಿದ್ದರು. ಫೋನಿನಲ್ಲಿ ನಾನು ಬೆಲೆ ಕೇಳುವ ಮೊದಲೇ ಷರತ್ತು ಹಾಕಿದರು: "ಕಣ್ಣಲ್ಲಿ ನೋಡಿ ಕೊಳ್ಳೋರಿಗೆ ನಾನು ಕೊಡಲ್ಲಪ್ಪ. ನಿನ್ನ ಎರಡನ್ನೂ ತಗೊಂಡ್ಬಾ. ಆರನ್ನೂ ಒಟ್ಟಿಗೆ ಕೇಳು. ಆಮೇಲೆ ಮಾತು."

ಅವರ ಮನೆಯ ಮುಂದಿನ ಕೋಣೆಯಲ್ಲಿ ಒಂದು ಉದ್ದ ಮೇಜು, ಮೇಜಿನ ತುಂಬ ಚಿಕ್ಕ ಚಿಕ್ಕ ಸ್ಕ್ರೂಗಳ ಡಬ್ಬಿಗಳು, ಗೋಡೆಗೆ ದಪ್ಪ ಕಂಬಳಿ. ಆರು ಮೈಕನ್ನೂ ಮೂತಿ ಒಂದೇ ಸಮನಾಗಿ ಬರುವಂತೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ಒಂದೇ ಸ್ಟ್ಯಾಂಡಿಗೆ ಸಿಕ್ಕಿಸಿದರು, ಹೂಗುಚ್ಛದ ಹಾಗೆ. ಮೊದಲು ಒಂದೇ ಸದ್ದು ಕೊಟ್ಟು ಆರರ ಜೋರನ್ನೂ ಸಮ ಮಾಡಿಕೊಂಡರು. "ಸ್ವಲ್ಪ ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಅಂತ ಕಿವಿ ಒಪ್ಕೊಂಡುಬಿಡುತ್ತೆ. ಕಿವಿಯಷ್ಟು ದಡ್ಡ ಯಾರೂ ಇಲ್ಲ" ಅಂದರು. ಆಮೇಲೆ ಬೀಗದ ಕೈ ಗೊಂಚಲು ಅಲ್ಲಾಡಿಸಿದರು, ಯಾಕೆಂದರೆ ಮೇಲಿನ ಸಣ್ಣ ಸದ್ದಿನಲ್ಲಿ ಮೈಕು ಸಾಚಾನೋ ಅಲ್ಲವೋ ಅನ್ನುವುದು ಬೀಗದ ಕೈಯಲ್ಲಿ ಗೊತ್ತಾಗುತ್ತದೆ. ನನ್ನ ಕೈಗೆ ಪೇಪರ್ ಕೊಟ್ಟು ಹವಾಮಾನದ ಸುದ್ದಿ ಓದಿಸಿದರು. ಕೊನೆಗೆ ತಾವೇ ಮೌತ್ ಆರ್ಗನ್ ತೆಗೆದು ಎರಡು ಸಾಲು ನುಡಿಸಿದರು. ಚೆನ್ನಾಗಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. "ಮೈಕಿಗೆ ಪರೀಕ್ಷೆ, ನನಗಲ್ಲ" ಅಂದರು.

ಇದೆಲ್ಲವನ್ನೂ ಆರು ಮೈಕಿನಲ್ಲೂ ರೆಕಾರ್ಡ್ ಮಾಡಿಕೊಂಡ ಮೇಲೆ ನನ್ನನ್ನು ಬೆನ್ನು ತಿರುಗಿಸಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಯಾವ ಮೈಕು ಅಂತ ಹೇಳದೆ ಒಂದೊಂದನ್ನೇ ಕೇಳಿಸುತ್ತಾ ಹೋದರು. ನಾನು ಚೀಟಿಯಲ್ಲಿ ಬರೆಯುತ್ತಾ ಹೋದೆ. ಒಂದನೆಯದು ತಿಳಿ, ಆದರೆ ಹಿಂದೆ ಸಣ್ಣಗೆ ಉಸ್ ಅನ್ನುತ್ತಿದೆ. ಎರಡು, ನೆಗಡಿ ಆದವರ ಮೂಗಿನ ಹಾಗೆ ಕಟ್ಟಿದೆ. ಮೂರು ಮತ್ತು ಐದು ಒಂದೇ ತಾಯಿಯ ಮಕ್ಕಳು. ಆರು ಚೂಪು, ಕೊಳಲಿಗೆ ಆಗಬಹುದು. ನಾಲ್ಕನೆಯದಕ್ಕೆ ಬಂದಾಗ ಬರೆದೆ: ಜೋರಾದ ಕಡೆ ಗೀರು, ತಗಡು ಕೆರೆದ ಹಾಗೆ, ಬೇಡವೇ ಬೇಡ. ಅವರು ಕ್ರಮ ಬದಲಾಯಿಸಿ ಮತ್ತೆ ಕೇಳಿಸಿದರು. ಮತ್ತೆ ಅದೇ ಒಂದಕ್ಕೆ ಬೇಡ ಅಂತ ಬರೆದೆ. ಮೂರನೆಯ ಸಲ ಮೌತ್ ಆರ್ಗನ್ನಿನ ಮೇಲಿನ ಸ್ವರ ಬಂದಾಗ ನನ್ನ ಪೆನ್ನು ನಿಂತುಬಿಟ್ಟಿತು ಅಕ್ಕ. ಆ ಗೀರನ್ನು ನಾನು ಮೊದಲು ಕೇಳಿದ್ದೆ. ಎಲ್ಲಿ, ಯಾವಾಗ, ಯಾರ ಕೈಯ ಕೆಳಗೆ, ಎಲ್ಲವೂ ನೆನಪಾಯಿತು. ಹೆಡ್‌ಫೋನ್ ತೆಗೆದು ತಿರುಗಿ ನೋಡಿದರೆ ರಿಪೇರಿಯಮ್ಮ ಕಟ್ಟಿನಿಂದ ಬಿಡಿಸಿ ಕೈಯಲ್ಲಿ ಹಿಡಿದಿದ್ದದ್ದು ನನ್ನದೇ ಎಡಗಡೆಯ ಮೈಕು.

ಅವರು ಅದರ ತಲೆಯನ್ನು ತಿರುಗಿಸಿ ಬಿಚ್ಚಿ, ದೀಪದ ಕೆಳಗೆ ಹಿಡಿದು, ಭೂತಗನ್ನಡಿಯಲ್ಲಿ ತುಂಬ ಹೊತ್ತು ನೋಡಿದರು. ಪೊರೆ ಒಂದು ಕಡೆ ಸಡಿಲವಾಗಿದೆ, ಸದ್ದು ಜೋರಾದಾಗ ಹಿಂದಿನ ತಟ್ಟೆಗೆ ತಾಗುತ್ತದೆ ಅಂದರು. ಆಮೇಲೆ ಜಾಲರಿಯ ಅಂಚನ್ನು ಉಗುರಿನಿಂದ ಸವರಿ, "ಇದು ಬಿದ್ದಿದೆ. ಬಿದ್ದ ಮೇಲೆ ಯಾರೋ ಇಕ್ಕಳದಲ್ಲಿ ನೇರ ಮಾಡಿದ್ದಾರೆ. ಹಳೇ ಏಟು. ಯಾರು ಬೀಳಿಸಿದ್ದು?" ಅಂತ ಕೇಳಿದರು. ಅವರು ಬೈಯುವ ದನಿಯಲ್ಲಿ ಕೇಳಲಿಲ್ಲ. ಡಾಕ್ಟರು ಯಾವಾಗಿನಿಂದ ನೋವು ಅಂತ ಕೇಳುತ್ತಾರಲ್ಲ, ಹಾಗೆ. ನಾನು, "ನನ್ನ ಕೈಗೆ ಬಂದಾಗಲೇ ಹೀಗಿತ್ತು" ಅಂದೆ. ನೀನು ಶಾಲಿನಲ್ಲಿ ಸುತ್ತಿ ತಂದದ್ದನ್ನು, ಮೊದಲೇ ಕೆಟ್ಟಿತ್ತು ಅಂದೆ. ಅವರು ಅದನ್ನು ಮೇಜಿನ ಮೇಲೆ ಇಡುತ್ತಾ, "ಇದರಲ್ಲಿ ಪಿಟೀಲು ಗಿಟೀಲು ರೆಕಾರ್ಡ್ ಮಾಡಿಲ್ಲ ತಾನೆ? ಪಾಪ, ನುಡಿಸಿದವರು ತಮ್ಮ ಕೈನೇ ಬೈಕೊಂಡಿರ್ತಾರೆ" ಅಂದರು. ಇಲ್ಲ ಅಂದೆ. ಐವತ್ತೆರಡು ವರ್ಷದ ಗಂಡಸು, ಕೂದಲು ನರೆತವನು, ಏನೂ ಸಂಬಂಧವಿಲ್ಲದ ಮುದುಕಿಯ ಎದುರು ಎರಡು ನಿಮಿಷದಲ್ಲಿ ಎರಡು ಸುಳ್ಳು. ಅವರ ಮುಖ ನೋಡಲಾಗದೆ ಸ್ಕ್ರೂ ಡಬ್ಬಿಗಳನ್ನು ಎಣಿಸುತ್ತಾ ಕೂತಿದ್ದೆ.

ಅದನ್ನು ಬೀಳಿಸಿದವನು ನಾನು. ನೀನು ತಂದುಕೊಟ್ಟು ಒಂಬತ್ತು ದಿನವಾಗಿತ್ತು. ನನ್ನ ಡ್ರಮ್ ಬಾರಿಸುವ ಗೆಳೆಯ ನೋಡಲು ಬಂದಿದ್ದ. ಅವನಿಗೆ ಜಂಬ ತೋರಿಸಲು ಹೋಗಿ ಸ್ಟ್ಯಾಂಡಿನ ಉದ್ದನೆಯ ತೋಳನ್ನು ಅವನ ತಲೆಯ ಮೇಲೆ ಸುತ್ತಿಸಿದೆ, ತಿರುಪು ಬಿಗಿ ಮಾಡಿರಲಿಲ್ಲ. ಕಲ್ಲಿನ ನೆಲಕ್ಕೆ ಮೂತಿ ಕೆಳಗಾಗಿ ಬಿತ್ತು. ಎತ್ತಿ, ಇಕ್ಕಳದಲ್ಲಿ ಜಾಲರಿ ನೇರ ಮಾಡಿ, ತಂತಿ ಸಿಕ್ಕಿಸಿ ಉಗುರಿನಲ್ಲಿ ತಟ್ಟಿದೆ. ಟಕ್ ಟಕ್ ಅಂತ ಕೇಳಿಸಿತು. ಉಳಿಯಿತು ಅಂದುಕೊಂಡೆ. ಗೆಳೆಯನಿಗೆ, ನಮ್ಮಕ್ಕನಿಗೆ ಹೇಳಬೇಡ ಮಾರಾಯ ಅಂದೆ. ಅಷ್ಟೇ ಆದದ್ದು. ಅಷ್ಟನ್ನು ನಿನಗೆ ಆವತ್ತೇ ಹೇಳಿದ್ದರೆ ನೀನು ಎರಡು ಮಾತು ಬೈದು, ಮೂರನೆಯದಕ್ಕೆ ಊಟ ಆಯ್ತಾ ಅಂತ ಕೇಳುತ್ತಿದ್ದೆ.

ಅದಾದ ಮುಂದಿನ ತಿಂಗಳೇ ನೀನು ಬಂದೆ. ನಾಟಕಮಂದಿರ ಮುಚ್ಚಿ ಕೈ ಖಾಲಿಯಾಗಿತ್ತು. ದೇಶದೇಶ ಸುತ್ತುವ ಆ ದೊಡ್ಡ ವಾದ್ಯವೃಂದದವರು ಒಂದು ಜಾಗ ಖಾಲಿ ಇದೆ, ಒಂಟಿ ಪಿಟೀಲಿನ ಒಂದು ರೆಕಾರ್ಡಿಂಗ್ ಕಳಿಸಿ ಅಂತ ನಿನಗೆ ಬರೆದಿದ್ದರು. ಬೇರೆ ಕಡೆ ಹೋಗಬಹುದಿತ್ತು ನೀನು. ನನ್ನ ತಮ್ಮನ ರೆಕಾರ್ಡಿಂಗ್ ಕೋಣೆಯಲ್ಲೇ ಆಗಲಿ ಅಂದೆ. ಮೂರು ದಿನ. ನಾನು ಮೈಕು ಎಡಕ್ಕೊಂದು ಬಲಕ್ಕೊಂದು ಇಟ್ಟು, ಟೇಪ್ ಓಡಿಸಿ, ಗಾಜಿನ ಈಚೆ ಕೂತಿದ್ದೆ. ಪ್ರತಿ ಸಲ ನುಡಿಸಿ ಮುಗಿಸಿದ ಮೇಲೆ ಕಮಾನು ಕೆಳಗಿಳಿಸಿ ನನ್ನ ಕಡೆ ನೋಡುತ್ತಿದ್ದೆ, ಹೇಗಿತ್ತು ಅಂತ. "ಮೇಲಿನ ತಂತಿ ಕರ್ಕಶ ಆಗ್ತಿದೆ ಅಕ್ಕ" ಅಂದೆ. ನೀನು ರಾಳ ಒರೆಸಿ ಮತ್ತೆ ನುಡಿಸಿದೆ. "ಇನ್ನೂ ಇದೆ. ಕಮಾನಿನ ಕೈ ಗಟ್ಟಿಯಾಗಿದೆ ನಿಂದು" ಅಂದೆ. ಎರಡನೆಯ ದಿನ ನೀನು ಪೇಟೆಗೆ ಹೋಗಿ ಹೊಸ ತಂತಿ ತಂದು ಹಾಕಿದೆ. ಮೂರನೆಯ ದಿನ ನಿನ್ನ ಬೆರಳ ತುದಿ ಕೆಂಪಗಾಗಿತ್ತು, ಹನ್ನೊಂದನೆಯ ಸಲ ನುಡಿಸಿದ್ದೆ. ಆಗಲೂ ನಾನು ತಲೆ ಅಲ್ಲಾಡಿಸಿದೆ. ನೀನು ಅಳಲಿಲ್ಲ, ವಾದ ಮಾಡಲಿಲ್ಲ. "ನಿನ್ನ ಕಿವಿ ಸುಳ್ಳು ಹೇಳಲ್ಲ ಕಣೋ. ನನ್ನ ಕೈಯಲ್ಲೇ ಏನೋ ಹೋಗಿದೆ" ಅಂದು ಪೆಟ್ಟಿಗೆ ಮುಚ್ಚಿದೆ. ಟೇಪ್ ಕಳಿಸಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ನೀನು ಶಾಲೆಯ ಆಫೀಸಿನಲ್ಲಿ ಕೂತು ಹಾಜರಿ ಪುಸ್ತಕ ಬರೆಯುತ್ತಿದ್ದೆ. ನಾನು ದೇವರಾಣೆಯಾಗಿ ಹೇಳುತ್ತೇನೆ, ಆ ಮೂರು ದಿನ ನನಗೆ ಬಿದ್ದ ಮೈಕಿನ ನೆನಪೇ ಬರಲಿಲ್ಲ. ಕೇಳಿಸಿದ್ದನ್ನು ಹೇಳಿದೆ, ಅಷ್ಟೇ.

ನಿನ್ನ ಮಗಳು ಏಳು ವರ್ಷದವಳಿದ್ದಾಗ ಪಿಟೀಲು ಕಲಿಸು ಅಂತ ಹಟ ಮಾಡಿದ್ದಳಲ್ಲ. ನೀನು ಅವಳನ್ನು ಮೂರು ಬೀದಿ ಆಚೆಯ ಮೇಷ್ಟ್ರ ಹತ್ತಿರ ಕಳಿಸಿದೆ. ಕಲಿಸುವ ಕೈ ಮನೆಯಲ್ಲೇ ಇದ್ದಾಗ ಯಾಕೆ ಅಂತ ಭಾವ ಕೇಳಿದ್ದಕ್ಕೆ, ಕೆಟ್ಟ ಕೈ ಮಗುವಿಗೆ ಅಂಟಬಾರದು ಅಂದೆಯಂತೆ. ಭಾವ ಇದನ್ನು ನನಗೆ ನಗುತ್ತಾ ಹೇಳಿದ. ಎರಡು ವರ್ಷದ ಹಿಂದೆ ಅವಳ ನಿಶ್ಚಿತಾರ್ಥದಲ್ಲಿ ಬೀಗರ ಕಡೆಯವರು ಯಾರೋ ನೀವು ನುಡಿಸುತ್ತಿದ್ದಿರಂತೆ, ಎರಡು ನಿಮಿಷ ನುಡಿಸಿ ಅಂತ ಒತ್ತಾಯ ಮಾಡಿದಾಗ, ನೀನು ನನ್ನ ಹೆಗಲ ಮೇಲೆ ಕೈ ಹಾಕಿ, "ಇವನನ್ನು ಕೇಳಿ, ದೊಡ್ಡ ರೆಕಾರ್ಡಿಸ್ಟು. ಬೇಡ ಅಂತ ಇವನೇ ತೀರ್ಪು ಕೊಟ್ಟಿದ್ದಾನೆ" ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ ಅಕ್ಕ. ತಟ್ಟೆ ಹಿಡಿದುಕೊಂಡು, ಬಾಯಿ ತುಂಬ ಅನ್ನ ಇಟ್ಟುಕೊಂಡು ನಕ್ಕೆ. ನಿನ್ನ ಕೈ ನನ್ನ ಹೆಗಲ ಮೇಲೆ ಇತ್ತು, ಹಗುರವಾಗಿ, ಪ್ರೀತಿಯಿಂದಲೇ ಇತ್ತು.

ರಿಪೇರಿಯಮ್ಮನಿಂದ ಒಂದು ಮೈಕು ಕೊಂಡೆ. ಚೀಟಿಯಲ್ಲಿ ಮೂರು ಮತ್ತು ಐದು ಅಂತ ಬರೆದಿದ್ದೆನಲ್ಲ, ಅದರಲ್ಲಿ ಒಂದು ನನ್ನ ಬಲಗಡೆಯದೇ ಆಗಿತ್ತು, ಇನ್ನೊಂದು ಅವರದು. ಜೋಡಿ ಈಗ ಸರಿಯಾಗಿದೆ. ಮನೆಗೆ ಬಂದು ಮೈಕಿನ ಪೆಟ್ಟಿಗೆಯನ್ನು ಹಾಗೇ ಇಟ್ಟು, ಅಟ್ಟದಿಂದ ನಿನ್ನ ಟೇಪ್ ಇಳಿಸಿದೆ. ಧೂಳು ಒರೆಸಿ, ಮಷೀನಿಗೆ ಹಾಕಿ, ಎಡಗಡೆಯ ಸದ್ದನ್ನು ಪೂರ್ತಿ ಇಳಿಸಿ ಬಲಗಡೆಯದನ್ನು ಮಾತ್ರ ಕೇಳಿದೆ. ಅದರಲ್ಲಿ ಗೀರು ಇಲ್ಲ. ಹನ್ನೊಂದು ಸಲದಲ್ಲಿ ಒಂದರಲ್ಲೂ ಇಲ್ಲ. ನಾಲ್ಕನೆಯದರಲ್ಲಿ ಮೇಲಿನ ಸ್ವರಕ್ಕೆ ಹೋಗಿ ಅಲ್ಲಿಂದ ಇಳಿಯದೆ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತೀಯಲ್ಲ, ಅಲ್ಲಿ ನಿನ್ನ ಉಸಿರು ಕೂಡ ಕೇಳಿಸುತ್ತದೆ. ನನ್ನ ಹೆಂಡತಿ ಒಗೆದ ಬಟ್ಟೆ ಹಿಡಿದು ಹೋಗುತ್ತಿದ್ದವಳು ಬಾಗಿಲಲ್ಲೇ ನಿಂತಳು. ಯಾರಿದು ಅಂದಳು. ಅಕ್ಕ ಅಂದೆ. ಅವಳು ಮಗ್ಗುಲಲ್ಲಿ ಕೂತು ಕೊನೆಯವರೆಗೂ ಕೇಳಿ, "ಅವರಿಗೆ ಕೈ ಕೆಟ್ಟಿತ್ತು ಅಂತ ನೀವೇ ಹೇಳಿದ್ರಲ್ಲ" ಅಂದಳು. ಮದುವೆಯಾದ ಹೊಸದರಲ್ಲಿ ಅವಳಿಗೂ ಹಾಗೇ ಹೇಳಿದ್ದೆ. ನಾನು ಟೇಪನ್ನು ಹಿಂದಕ್ಕೆ ಸುತ್ತತೊಡಗಿದೆ. ಅವಳು ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಎದ್ದು ಹೋದಳು, ಆ ದಿನ ಮತ್ತೆ ನನ್ನ ಜೊತೆ ಮಾತಾಡಲಿಲ್ಲ.

ನಿನ್ನ ಕೈಯಲ್ಲಿ ಏನೂ ಹೋಗಿರಲಿಲ್ಲ. ಇದನ್ನು ಹೇಳಬೇಕು ಅಂತಲೇ ಈ ಕಾಗದ. ಮೈಕು ಕೆಟ್ಟಿತ್ತು, ನಿನ್ನ ಕೈ ಅಲ್ಲ. ಬಲಗಡೆಯದನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿ ಇದರ ಜೊತೆ ಇಟ್ಟಿದ್ದೇನೆ, ಮೂರು ದಿನದ್ದೂ ಇದೆ, ನಾಲ್ಕನೆಯದನ್ನು ಮೊದಲು ಕೇಳು. ನಿನಗೀಗ ಐವತ್ತೇಳು. ಆ ವಾದ್ಯವೃಂದದವರು ಇದ್ದಾರೋ ಇಲ್ಲವೋ ಗೊತ್ತಿಲ್ಲ. ಹೋದದ್ದನ್ನು ತಂದುಕೊಡುತ್ತೇನೆ ಅಂತ ಹೇಳುವಷ್ಟು ಮುಖ ನನಗಿಲ್ಲ. ಮೈಕು ಬಿದ್ದದ್ದನ್ನು ಹೇಳದೆ ಇದ್ದದ್ದು ತಪ್ಪು, ಅದಕ್ಕೆ ಬೈಯಿ. ಗೊತ್ತಿಲ್ಲದೆ ಆಡಿದ ಮಾತಿಗೆ ಕ್ಷಮಿಸಲು ಆದರೆ ಕ್ಷಮಿಸು. ಉತ್ತರ ಬರೆಯಲೇಬೇಕು ಅಂತಿಲ್ಲ.

ಭಾವನಿಗೆ ನನ್ನ ನಮಸ್ಕಾರ ಹೇಳು, ನಿನ್ನ ಮಗಳಿಗೆ ಅವಳ ಅತ್ತೆಯದೂ ನನ್ನದೂ ಆಶೀರ್ವಾದ. ಮಂಡಿಗೆ ಬಿಸಿನೀರಿನ ಚೀಲ ಇಡುವುದನ್ನು ಬಿಡಬೇಡ. ನಿನ್ನ ಪಾದಕ್ಕೆ ತಲೆ ಇಟ್ಟು ಮುಗಿಸುತ್ತೇನೆ.

ನಿನ್ನ ತಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಮೇಲೆ ದೇವರ ಹೆಸರು ಹಿಡಿದು ಮೈಕಿನ ನೆನಪೇ ಬರಲಿಲ್ಲ ಅಂತ ಬರೆದಿದ್ದೇನಲ್ಲ, ಅದು ಸುಳ್ಳು. ಎರಡನೆಯ ದಿನ ನೀನು ತಂತಿ ತರಲು ಪೇಟೆಗೆ ಹೋಗಿದ್ದೆಯಲ್ಲ, ಆಗಲೇ ನಾನು ಎಡಗಡೆಯದನ್ನೊಂದು ಸಲ, ಬಲಗಡೆಯದನ್ನೊಂದು ಸಲ ಬೇರೆಬೇರೆಯಾಗಿ ಕೇಳಿದ್ದೆ. ಗೊತ್ತಾಯಿತು. ಒಂದೇ ಮೈಕಿನಲ್ಲಿ ಕಳಿಸಿದ್ದರೂ ಸಾಕಾಗಿತ್ತು. ಆದರೆ ಯಾಕೆ ಒಂದೇ ಅಂತ ನೀನು ಕೇಳುತ್ತಿದ್ದೆ, ನಾನು ಬೀಳಿಸಿದೆ ಅನ್ನಬೇಕಾಗುತ್ತಿತ್ತು. ಸಂಜೆ ಹೇಳೋಣ ಅಂದುಕೊಂಡೆ, ನಾಳೆ ಹೇಳೋಣ ಅಂದುಕೊಂಡೆ. ಮೂರನೆಯ ದಿನ ನೀನು ನನ್ನ ಕೈಯಲ್ಲೇ ಏನೋ ಹೋಗಿದೆ ಅಂದಾಗ ನನಗೆ ಎಲ್ಲ ಗೊತ್ತಿತ್ತು. ನೀನು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ಬಾಗಿಲು ತೆರೆದೇ ಇತ್ತು, ಅಕ್ಕ ಅಂತ ಒಂದು ಸಲ ಕರೆದರೆ ಸಾಕಿತ್ತು. ಕರೆಯಲಿಲ್ಲ. ಗೊತ್ತಿಲ್ಲದೆ ಆಡಿದ ಮಾತಿಗೆ ಕ್ಷಮೆ ಕೇಳಿದ್ದೇನಲ್ಲ, ಅದನ್ನು ಹೊಡೆದುಹಾಕಿ ಓದಿಕೋ. ಇಡೀ ಕಾಗದ ಹೊಸದಾಗಿ ಬರೆಯೋಣ ಅಂತ ಹಾಳೆ ತೆಗೆದುಕೊಂಡೆ. ಬರೆಯಲು ಕೂತರೆ ಮತ್ತೆ ಎಲ್ಲೋ ಒಂದು ಕಡೆ ನನ್ನನ್ನು ಒಳ್ಳೆಯವನನ್ನಾಗಿ ಮಾಡಿಕೊಂಡುಬಿಡುತ್ತೇನೆ. ಅದಕ್ಕೇ ಹೀಗೇ ಕಳಿಸುತ್ತಿದ್ದೇನೆ.